ಕೋಕ್ ಬಾಟಲಿ ಸಿನಿಮಾ ನೋಡಿ ನಕ್ಕವರೆಲ್ಲ ಒಮ್ಮೆ ಬನ್ನಿ

ಹಳೇ ರೀಲು

ನಮ್ಮ ಓಣಿಯಲ್ಲಿ ವಿಸಿಆರ್ ಇದ್ದದ್ದು ಒಂದೇ ಮನೆಯಲ್ಲಿ. ಗಣಪತಿ ಹಬ್ಬದ ರಾತ್ರಿ ಎರಡು ಕ್ಯಾಸೆಟ್ ಬಾಡಿಗೆಗೆ ತರುತ್ತಿದ್ದರು. ಒಂದು ರಾಜ್‌ಕುಮಾರ್ ಸಿನಿಮಾ, ಇನ್ನೊಂದು ‘ದಿ ಗಾಡ್ಸ್ ಮಸ್ಟ್ ಬಿ ಕ್ರೇಜಿ’. ಇಂಗ್ಲಿಷ್ ಒಂದಕ್ಷರ ಬರದ ಅಜ್ಜಿಯಂದಿರೂ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಆ ಸಿನಿಮಾವನ್ನು ಹತ್ತು ಸಲವಾದರೂ ನೋಡಿದ್ದೇನೆ.

ಮರೆತವರಿಗೆ ಕಥೆ ಹೇಳಿಬಿಡುತ್ತೇನೆ. ಕಲಹರಿ ಮರುಭೂಮಿಯಲ್ಲಿ ಹೊರಗಿನ ಲೋಕವೇ ಗೊತ್ತಿಲ್ಲದ ಒಂದು ಪುಟ್ಟ ಗುಂಪು. ವಿಮಾನದಿಂದ ಕೋಕ್ ಬಾಟಲಿ ಬೀಳುತ್ತದೆ. ದೇವರು ಕಳಿಸಿದ್ದು ಅಂದುಕೊಳ್ಳುತ್ತಾರೆ. ಅದಕ್ಕಾಗಿ ಜಗಳ ಶುರುವಾಗುತ್ತದೆ. ಕೊನೆಗೆ ಒಬ್ಬ ಮನುಷ್ಯ ಅದನ್ನು ಭೂಮಿಯ ಅಂಚಿಗೆ ಹೋಗಿ ಎಸೆದು ಬರಲು ಹೊರಡುತ್ತಾನೆ. ಆ ಪಾತ್ರ ಮಾಡಿದವರು ನಿಕಾವ್. ಅವರ ಹೆಸರಿನ ನಡುವೆ ನಾಲಿಗೆ ಅಂಗುಳಿಗೆ ತಾಗಿ ಟಕ್ ಅನ್ನುವ ಒಂದು ಸದ್ದು ಇದೆ. ಅದಕ್ಕೆ ನಮ್ಮ ಲಿಪಿಯಲ್ಲಿ ಅಕ್ಷರ ಇಲ್ಲ, ಕ್ಷಮಿಸಿ.

ಹೋದ ತಿಂಗಳು ಇನ್ನೊಂದು ಸಿನಿಮಾ ನೋಡಿದೆ. ಜಾನ್ ಮಾರ್ಷಲ್ ಅನ್ನುವ ಅಮೆರಿಕನ್ ಮಾಡಿದ ಸಾಕ್ಷ್ಯಚಿತ್ರ. ಅದೂ 1980ರದ್ದೇ. ‘ನೈ’ ಅನ್ನುವ ಒಬ್ಬ ಹೆಂಗಸು ತನ್ನ ಜೀವನದ ಕಥೆ ಹೇಳುತ್ತಾರೆ. ಇವರು ನಿಕಾವ್ ಅವರ ಜನವೇ, ಝುತ್ವಾಸಿ ಜನ. ಊರು ತ್ಸುಮ್ಕ್ವೆ. ಇವತ್ತಿನ ನಮೀಬಿಯಾ, ಆಗ ದಕ್ಷಿಣ ಆಫ್ರಿಕಾದ ಹಿಡಿತದಲ್ಲಿತ್ತು. ನೈ ಆ ಕೋಕ್ ಬಾಟಲಿ ಸಿನಿಮಾದಲ್ಲೂ ನಟಿಸಿದ್ದಾರೆ. ಹಾಗಾಗಿ ಅದರ ಶೂಟಿಂಗ್ ಮಾರ್ಷಲ್ ಕ್ಯಾಮೆರಾದಲ್ಲಿ ಸಿಕ್ಕಿಬಿಟ್ಟಿದೆ. ಅಪ್ಪ ಮನೆಗೆ ವಾಪಸ್ ಬರುವ ಒಂದು ದೃಶ್ಯ. ಬಿಳಿಯ ನಿರ್ದೇಶಕ ಹೀಗೆ ಬಾ, ಹಾಗೆ ಮಾಡು ಅಂತ ಹೇಳಿಸುತ್ತಾರೆ. ಸರಿಯಾಗಲಿಲ್ಲ, ಮತ್ತೊಮ್ಮೆ. ಇವರೂ ಮತ್ತೊಮ್ಮೆ ಮಾಡುತ್ತಾರೆ, ಕೂಲಿ ಕೆಲಸ ಮಾಡಿದ ಹಾಗೆ.

ಕ್ಯಾಮೆರಾ ಸ್ವಲ್ಪ ಪಕ್ಕಕ್ಕೆ ತಿರುಗಿದರೆ ಏನಿದೆ ಗೊತ್ತಾ? ಸರ್ಕಾರ ಹಂಚುವ ಮೆಕ್ಕೆಜೋಳದ ಹಿಟ್ಟಿಗೆ ಕಾಯುವ ಜನ. ಕ್ಷಯ. ಬೇಟೆ ಇಲ್ಲ, ಗೆಡ್ಡೆ ಗೆಣಸು ಅಗೆಯಲು ಜಾಗ ಇಲ್ಲ. ನೈಗೆ ಸಿನಿಮಾದಿಂದ ಸ್ವಲ್ಪ ದುಡ್ಡು ಬಂತು ಅಂತ ನೆಂಟರಿಷ್ಟರೇ ಹೊಟ್ಟೆಕಿಚ್ಚು ಪಟ್ಟು ಜಗಳಕ್ಕೆ ಬರುತ್ತಾರೆ. ಇನ್ನೊಂದು ಕಡೆ ದಕ್ಷಿಣ ಆಫ್ರಿಕಾದ ಸೇನೆ ಬಂದು ಇವರ ಗಂಡಸರನ್ನು ಸಿಪಾಯಿಗಳಾಗಿ ಸೇರಿಸಿಕೊಳ್ಳುತ್ತಿದೆ. ಯಾರ ವಿರುದ್ಧ ಹೋರಾಡಲು? ನಮೀಬಿಯಾದ ಸ್ವಾತಂತ್ರ್ಯಕ್ಕಾಗಿ ಬಂದೂಕು ಹಿಡಿದಿದ್ದ ಸ್ವಾಪೋ ವಿರುದ್ಧ.

ಈಗ ಕೋಕ್ ಬಾಟಲಿ ಸಿನಿಮಾದ ಕೊನೆ ಭಾಗ ನೆನಪು ಮಾಡಿಕೊಳ್ಳಿ. ಬಂದೂಕು ಹಿಡಿದ ಬಂಡುಕೋರರು ಪೆದ್ದರ ಗುಂಪಿನ ಹಾಗೆ ಬರುತ್ತಾರೆ, ನಮ್ಮ ನಾಯಕ ಪುಟ್ಟ ಬಿಲ್ಲಿನಿಂದ ಮತ್ತಿನ ಬಾಣ ಬಿಟ್ಟು ಅವರನ್ನು ಮಲಗಿಸುತ್ತಾನೆ. ನಾನು ಚಪ್ಪಾಳೆ ತಟ್ಟಿದ್ದ ದೃಶ್ಯ ಅದು. ತೆರೆಯ ಮೇಲೆ ಅವನು ಯಾವ ಕೆಲಸ ಮಾಡಿದನೋ, ಅದೇ ಕೆಲಸಕ್ಕೆ ಅದೇ ಊರಿನಲ್ಲಿ ಅವನ ಜನರನ್ನು ಸೇನೆ ಭರ್ತಿ ಮಾಡುತ್ತಿತ್ತು. ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪಾಶ್ಚಾತ್ಯರು, ಬಿಳಿಯ ನಿರ್ದೇಶಕರು ಆಫ್ರಿಕಾದ ಜನರನ್ನು ತೋರಿಸುವ ಬಗೆ ಬಗ್ಗೆ ಎಲ್ಲರೂ ಮಾತಾಡಬೇಕು ಅನ್ನಿಸಿತು. ಬನ್ನಿ.

ತರೀಕೆರೆ ಗಿರಿ

ಅಣ್ಣ, ನೀವು ಹೇಳಿದ್ದು ಓದಿ ಬೇಜಾರಾಯಿತು, ಆದರೆ ಒಪ್ಪಲು ಆಗುತ್ತಿಲ್ಲ. ಆ ಸಿನಿಮಾ ಅವರನ್ನು ಎಲ್ಲಿ ಕೀಳಾಗಿ ತೋರಿಸಿದೆ? ಇಡೀ ಸಿನಿಮಾದಲ್ಲಿ ಒಳ್ಳೆಯ ಮನುಷ್ಯ ಅಂದರೆ ಅವನೊಬ್ಬನೇ. ಸುಳ್ಳಿಲ್ಲ, ಆಸೆ ಇಲ್ಲ, ಬೇಲಿ ಇಲ್ಲ. ಗೇಲಿ ಮಾಡಿದ್ದು ಪಟ್ಟಣದವರನ್ನು, ಗಡಿಯಾರ ನೋಡಿಕೊಂಡು ಓಡುವ ನಮ್ಮಂಥವರನ್ನು. ನಮ್ಮ ತಂದೆ ಆ ಸಿನಿಮಾ ನೋಡಿ, ಮನುಷ್ಯ ಬದುಕಿದರೆ ಹೀಗೆ ಬದುಕಬೇಕು ಕಣೋ ಅಂದಿದ್ದರು. ಅದು ಗೌರವ ಅಲ್ವಾ?

ಇನ್ನೊಂದು ವಿಷಯ. ನಿರ್ದೇಶಕ ಜೇಮಿ ಉಯ್ಸ್ ದಕ್ಷಿಣ ಆಫ್ರಿಕಾದವರೇ. ಅವರನ್ನು ಪಾಶ್ಚಾತ್ಯರ ಲೆಕ್ಕಕ್ಕೆ ಹೇಗೆ ಸೇರಿಸುತ್ತೀರಿ?

ಹಳೇ ರೀಲು

ಗಿರಿ, ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಹೌದು, ಉಯ್ಸ್ ಹುಟ್ಟಿದ್ದು ಅಲ್ಲೇ. ಆದರೆ ವರ್ಣಭೇದದ ಕಾನೂನು ಇದ್ದ ದೇಶದ ಬಿಳಿಯರು ಅವರು. ದಕ್ಷಿಣ ಆಫ್ರಿಕಾವನ್ನು ಜಗತ್ತು ಬಹಿಷ್ಕರಿಸಿದ್ದ ಕಾಲ ಅದು, ಹಾಗಾಗಿ ಸಿನಿಮಾ ಬೋಟ್ಸ್ವಾನಾದ ಹೆಸರಿನಲ್ಲಿ ಹೊರಗೆ ಹೋಯಿತು. 1984ರಲ್ಲಿ ಅಮೆರಿಕದಲ್ಲಿ ಹಾಲಿವುಡ್ ಕಂಪನಿಯೇ ಅದನ್ನು ಬಿಡುಗಡೆ ಮಾಡಿತು, ತುಂಬಾ ದುಡ್ಡು ಮಾಡಿತು. ಅಲ್ಲಿ ಥಿಯೇಟರ್ ಮುಂದೆ ನಿಂತು ಪ್ರತಿಭಟನೆ ಮಾಡಿದವರೂ ಇದ್ದರು. ನೋಡುವ ಕಣ್ಣು ಹೊರಗಿನವರದ್ದೇ ಆಗಿತ್ತು ಅನ್ನುವುದು ನನ್ನ ಮಾತು.

ಈಗ ಮೊದಲ ಪ್ರಶ್ನೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಆ ಹೊಗಳಿಕೆ ಇದೆಯಲ್ಲ, ಮುಗ್ಧರು, ಏನೂ ಬೇಡದವರು ಅನ್ನುವ ಹೊಗಳಿಕೆ, ಅದರಿಂದಲೇ ಅವರಿಗೆ ಪೆಟ್ಟು ಬಿದ್ದಿದ್ದು. ಏನೂ ಬೇಡದವರಿಗೆ ಜಮೀನು ಯಾಕೆ ಕೊಡಬೇಕು? ಬೋರ್‌ವೆಲ್ ಯಾಕೆ? ದನ ಯಾಕೆ?

ಇದು ನನ್ನ ಊಹೆ ಅಲ್ಲ. 1970ರ ಹೊತ್ತಿಗೆ ಝುತ್ವಾಸಿಗಳ ನೆಲದ ಬಹುಪಾಲನ್ನು ಸರ್ಕಾರ ಕಿತ್ತುಕೊಂಡಿತ್ತು, ಉಳಿದ ತುಂಡಿಗೆ ‘ಬುಷ್‌ಮನ್‌ಲ್ಯಾಂಡ್’ ಅಂತ ಹೆಸರಿಟ್ಟಿತ್ತು. 80ರ ದಶಕದಲ್ಲಿ ಆ ತುಂಡನ್ನೂ ವನ್ಯಜೀವಿ ಮೀಸಲು ಪ್ರದೇಶ ಮಾಡುವ ಯೋಚನೆ ಬಂತು. ಜನ ಅಲ್ಲಿ ಇರಬಹುದು, ಆದರೆ ಹಳೆಯ ಕಾಲದ ಹಾಗೆ ಇರಬೇಕು. ಚರ್ಮ ಉಟ್ಟು, ಬಿಲ್ಲು ಬಾಣ ಹಿಡಿದು, ಪ್ರವಾಸಿಗರ ಕಣ್ಣಿಗೆ ಬೀಳುವ ಹಾಗೆ. ದನ ಸಾಕಬಾರದು, ಬೇಸಾಯ ಮಾಡಬಾರದು. ಅಂದರೆ ಸಿನಿಮಾದಲ್ಲಿ ಇದ್ದ ಹಾಗೇ ಬದುಕಿ ಅಂತ.

ಅವರು ಒಪ್ಪಲಿಲ್ಲ. 1986ರಲ್ಲಿ ರೈತರ ಸಹಕಾರ ಸಂಘ ಕಟ್ಟಿದರು. ದನ ತಂದರು, ತೋಟ ಮಾಡಿದರು. ನೀರಿನ ಪಂಪುಗಳನ್ನು ಆನೆಗಳು ಬಂದು ಕಿತ್ತು ಹಾಕುತ್ತಿದ್ದವು, ಮತ್ತೆ ಜೋಡಿಸುತ್ತಿದ್ದರು. ಮಾರ್ಷಲ್ ಇದನ್ನೆಲ್ಲ ವರ್ಷಗಟ್ಟಲೆ ಚಿತ್ರೀಕರಿಸಿ ಐದು ಭಾಗಗಳ ಸರಣಿ ಮಾಡಿದರು. ಕೊನೆಯ ಭಾಗದ ಹೆಸರನ್ನು ಕನ್ನಡಕ್ಕೆ ತಂದರೆ ‘ಕಟ್ಟುಕಥೆಯಿಂದ ಸಾವು’. ಯಾಕೆ ಆ ಹೆಸರು ಅಂತ ನೋಡಿದರೆ ಗೊತ್ತಾಗುತ್ತದೆ. ಸಹಾಯಕ್ಕೆ ಬಂದ ಸಂಸ್ಥೆಗಳವರಿಗೂ ಬೇಟೆಗಾರರೇ ಬೇಕಿತ್ತು, ರೈತರು ಬೇಡವಾಗಿದ್ದರು.

ಅಂದಹಾಗೆ ನಿಕಾವ್ ಬಗ್ಗೆ. ಬಿಳಿಯರನ್ನು ಹೆಚ್ಚು ಕಂಡೇ ಇರದ ಮನುಷ್ಯನನ್ನು ಕಾಡಿನಲ್ಲಿ ಹುಡುಕಿ ತಂದೆವು ಅನ್ನುವ ಕಥೆಯನ್ನು ಪ್ರಚಾರದಲ್ಲಿ ಚೆನ್ನಾಗಿ ಮಾರಿದರು. ಅವರು ಶಾಲೆಯಲ್ಲಿ ಅಡುಗೆ ಕೆಲಸ ಮಾಡುತ್ತಿದ್ದವರು. ಚಿಕ್ಕವರಿದ್ದಾಗ ಬೇರೆಯವರ ದನ ಕಾಯ್ದವರು.

ಅಂಚೆಪೆಟ್ಟಿಗೆ

ಅಡುಗೆ ಭಟ್ಟರಾ!! ಮೂವತ್ತು ವರ್ಷದಿಂದ ಮೋಸ ಹೋಗಿದ್ದೇನೆ.

ನಾನೂ ಒಂದು ಸೇರಿಸುತ್ತೇನೆ. ಟಾರ್ಜನ್ ಬರೆದ ಎಡ್ಗರ್ ರೈಸ್ ಬರೋಸ್ ಆಫ್ರಿಕಾಕ್ಕೆ ಕಾಲಿಟ್ಟವರೇ ಅಲ್ಲ. 1912ರಲ್ಲಿ ಪತ್ರಿಕೆಯಲ್ಲಿ ಬಂದಾಗ ಆ ಕಥೆಯಲ್ಲಿ ಹುಲಿ ಇತ್ತು. ಆಫ್ರಿಕಾದಲ್ಲಿ ಹುಲಿ! ಓದುಗರು ತಪ್ಪು ಹಿಡಿದ ಮೇಲೆ ಪುಸ್ತಕದಲ್ಲಿ ಅದು ಸಿಂಹಿಣಿ ಆಯಿತು. 1932ರ ಹಾಲಿವುಡ್ ಸಿನಿಮಾದಲ್ಲಿ ಆನೆಗಳು ಬರುತ್ತವಲ್ಲ, ಅವು ನಮ್ಮ ಕಡೆಯ ಆನೆಗಳು. ಏಷ್ಯಾದ ಆನೆಗೆ ಕಿವಿ ಚಿಕ್ಕದು, ಹಾಗಾಗಿ ದೊಡ್ಡ ಸುಳ್ಳು ಕಿವಿ ಕಟ್ಟಿ ಆಫ್ರಿಕಾದ ಆನೆ ಅಂತ ತೋರಿಸಿದರು. ಆನೆಯ ಕಿವಿ ಸರಿ ಕಾಣಬೇಕು ಅಂತ ಅಷ್ಟು ಕಷ್ಟಪಟ್ಟವರು, ಅದೇ ಸಿನಿಮಾದಲ್ಲಿ ಬರುವ ಆಫ್ರಿಕಾದ ಜನರಲ್ಲಿ ಬಹುಪಾಲಿನವರಿಗೆ ಒಂದು ಹೆಸರು ಇಡುವ ಗೋಜಿಗೂ ಹೋಗಲಿಲ್ಲ. ಸಾಮಾನು ಹೊರುವ ಸಾಲಿನಲ್ಲಿ ಒಬ್ಬ ಕಾಲು ಜಾರಿ ಪ್ರಪಾತಕ್ಕೆ ಬೀಳುತ್ತಾನೆ, ಕಥೆ ಮುಂದೆ ಹೋಗುತ್ತದೆ.

ಗಬೊರೋನಿ ಕನ್ನಡಿಗ

ಬೋಟ್ಸ್ವಾನಾದಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ, ಹಾಗಾಗಿ ಸ್ವಲ್ಪ ಹೇಳುತ್ತೇನೆ. ಅಲ್ಲಿ ಈ ಜನರನ್ನು ಬಸರ್ವಾ ಅಂತಾರೆ. ಹೊರಗಿನವರು ಸಾನ್ ಅಂತಾರೆ. ‘ಬುಷ್‌ಮನ್’ ಅಂದರೆ ಕೆಲವರಿಗೆ ಸಿಟ್ಟು ಬರುತ್ತದೆ, ಕೆಲವರು ತಾವೇ ಹಾಗೆ ಹೇಳಿಕೊಳ್ಳುತ್ತಾರೆ. ಅವರವರ ಗುಂಪಿನ ಹೆಸರು ಕೇಳುವುದೇ ಒಳ್ಳೆಯದು.

ನಮ್ಮ ಆಫೀಸಿನ ಡ್ರೈವರ್ ಘಾಂಜಿ ಕಡೆಯವರು, ಸಾನ್ ಮನೆತನ. ಐವತ್ತರ ಮೇಲಿನ ವಯಸ್ಸು. ನಾಲ್ಕು ಭಾಷೆ ಮಾತಾಡುತ್ತಿದ್ದರು, ಗಾಡಿಯ ಗೇರ್‌ಬಾಕ್ಸ್ ಸದ್ದು ಕೇಳಿಯೇ ಎಲ್ಲಿ ತೊಂದರೆ ಅಂತ ಹೇಳುತ್ತಿದ್ದರು. ಹೊರದೇಶದಿಂದ ಅತಿಥಿಗಳು ಬಂದರೆ ಸಾಕು, ವಿಮಾನ ನಿಲ್ದಾಣದಿಂದ ಹೋಟೆಲ್ ಸೇರುವುದರೊಳಗೆ ಯಾರಾದರೊಬ್ಬರು ಆ ಸಿನಿಮಾ ಹೆಸರು ಎತ್ತುತ್ತಿದ್ದರು. ಆಮೇಲೆ, ಒಮ್ಮೆ ಟಕ್ ಅನ್ನಿಸಿ ನೋಡೋಣ ಅನ್ನುತ್ತಿದ್ದರು. ಅವರು ನಕ್ಕು ಒಂದು ಸಲ ಅನ್ನಿಸುತ್ತಿದ್ದರು. ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ಒಂದು ದಿನ ನಾವಿಬ್ಬರೇ ಇದ್ದಾಗ ಕೇಳಿದೆ, ನಿಮಗೆ ಹೇಗನ್ನಿಸುತ್ತದೆ ಅಂತ. ಅವರು ಹೇಳಿದ್ದು ಇಷ್ಟೇ: ‘ನನ್ನ ಅಮ್ಮನ ಹೆಸರಿನಲ್ಲಿ ಆ ಸದ್ದು ಇದೆ.’ ನನಗೆ ಮಾತು ಹೊರಡಲಿಲ್ಲ. ಯಾಕೆಂದರೆ ಮೊದಲ ವಾರದಲ್ಲಿ ನಾನೂ ಅವರನ್ನು ಅದನ್ನೇ ಕೇಳಿದ್ದೆ.

ಇನ್ನು ನೆಲದ ವಿಷಯ. ಬೋಟ್ಸ್ವಾನಾದಲ್ಲಿ ಮಧ್ಯ ಕಲಹರಿ ಮೀಸಲು ಪ್ರದೇಶದಿಂದ ಇವರನ್ನು 1997ರಲ್ಲಿ ಒಮ್ಮೆ, 2002ರಲ್ಲಿ ಇನ್ನೊಮ್ಮೆ ಹೊರಗೆ ಹಾಕಿದರು. 2002ರಲ್ಲಿ ಅಲ್ಲಿದ್ದ ಬೋರ್‌ವೆಲ್ ಮುಚ್ಚಿದರು. ಜನ ಕೋರ್ಟಿಗೆ ಹೋಗಿ 2006ರಲ್ಲಿ ಗೆದ್ದರು. ಆದರೂ ನೀರಿಗಾಗಿ ಮತ್ತೆ ಹೋರಾಡಬೇಕಾಯಿತು, 2011ರಲ್ಲಿ ಮೇಲಿನ ಕೋರ್ಟು ನೀರು ತೆಗೆಯಲು ಅವಕಾಶ ಕೊಟ್ಟಿತು. ಇಲ್ಲಿ ಸರ್ಕಾರ ನಡೆಸುತ್ತಿದ್ದವರು ಬಿಳಿಯರಲ್ಲ ಅನ್ನುವುದನ್ನೂ ಹೇಳಬೇಕು. ಕಾಡಿನಲ್ಲಿ ಇರುವವರು ಹಿಂದುಳಿದವರು, ಅವರನ್ನು ಮುಂದೆ ತರಬೇಕು ಅಂತ ಅವರ ವಾದ. ಒಬ್ಬರು ಬದಲಾಗಬೇಡಿ ಅಂತಾರೆ, ಇನ್ನೊಬ್ಬರು ಬದಲಾಗಿ ಅಂತಾರೆ. ನಿಮಗೇನು ಬೇಕು ಅಂತ ಕೂತು ಕೇಳಿದವರು ಕಡಿಮೆ.

ಮಂಜುಳಾ ಹೆಗಡೆ

ಕಾಡು, ಬಿಲ್ಲು ಬಾಣ ಮಾತ್ರ ಅಲ್ಲ. ಗಂಭೀರ ಸಿನಿಮಾಗಳಲ್ಲೂ ಇದೇ ಗೋಳು. 1987ರ ‘ಕ್ರೈ ಫ್ರೀಡಂ’ ನೋಡಿದ್ದೀರಾ? ಒಳ್ಳೆಯ ಮನಸ್ಸಿನಿಂದ ಮಾಡಿದ ಸಿನಿಮಾ ಅದು, ವರ್ಣಭೇದದ ವಿರುದ್ಧ. ದಕ್ಷಿಣ ಆಫ್ರಿಕಾದ ಕಪ್ಪು ಹೋರಾಟಗಾರ ಸ್ಟೀವ್ ಬೀಕೋ ಪಾತ್ರದಲ್ಲಿ ಡೆಂಜೆಲ್ ವಾಷಿಂಗ್ಟನ್. ಬೀಕೋ ಪೊಲೀಸ್ ವಶದಲ್ಲಿ ಸತ್ತಿದ್ದು 1977ರ ಸೆಪ್ಟೆಂಬರ್‌ನಲ್ಲಿ, ಆಗ ಅವರಿಗೆ 30 ವರ್ಷ. ಸಿನಿಮಾದ ಸುಮಾರು ಅರ್ಧಕ್ಕೇ ಅವರು ಸಾಯುತ್ತಾರೆ. ಆಮೇಲೆ ಏನು ತೋರಿಸುತ್ತಾರೆ? ಅವರ ಗೆಳೆಯ, ಬಿಳಿಯ ಸಂಪಾದಕ ಡೊನಾಲ್ಡ್ ವುಡ್ಸ್ ಕುಟುಂಬದ ಜೊತೆ ದೇಶ ಬಿಟ್ಟು ತಪ್ಪಿಸಿಕೊಳ್ಳುವುದನ್ನು. ವುಡ್ಸ್ ಧೈರ್ಯವಂತರೇ, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಬೀಕೋ ಹೆಂಡತಿ ಆ ರಾತ್ರಿ ಏನು ಮಾಡಿದರು, ಅವರ ಮಕ್ಕಳು ಏನಾದರು ಅಂತ ನನಗೆ ನೋಡಬೇಕಿತ್ತು. ಕಪ್ಪು ಮನುಷ್ಯನ ನೋವು ಪ್ರೇಕ್ಷಕರನ್ನು ಮುಟ್ಟಬೇಕಾದರೆ ನಡುವೆ ಬಿಳಿಯ ಮುಖ ಬೇಕು ಅಂತ ಯಾರು ತೀರ್ಮಾನ ಮಾಡಿದರು?

ಇನ್ನೂ ಹಿಂದಿನದ್ದು. 1935ರ ‘ಸ್ಯಾಂಡರ್ಸ್ ಆಫ್ ದ ರಿವರ್’ನಲ್ಲಿ ಅಮೆರಿಕದ ಕಪ್ಪು ಗಾಯಕ, ನಟ ಪಾಲ್ ರಾಬ್ಸನ್ ನಟಿಸಿದರು. ಆಫ್ರಿಕಾದ ಹಾಡು, ಸಂಸ್ಕೃತಿಯನ್ನು ಗೌರವದಿಂದ ತೋರಿಸುತ್ತಾರೆ ಅಂತ ನಂಬಿ ಒಪ್ಪಿಕೊಂಡಿದ್ದರು. ಸಿನಿಮಾ ಹೊರಬಂದಾಗ ನೋಡಿದರೆ ಅದು ಬ್ರಿಟಿಷ್ ಅಧಿಕಾರಿಯ ಗುಣಗಾನ. ರಾಬ್ಸನ್ ಆ ಸಿನಿಮಾವನ್ನೇ ತಮ್ಮದಲ್ಲ ಅಂದುಬಿಟ್ಟರು. ಅದರಲ್ಲಿ ಸಣ್ಣ ಪಾತ್ರ ಮಾಡಿದ್ದ ಒಬ್ಬರು ಯಾರು ಗೊತ್ತಾ? ಜೋಮೊ ಕೆನ್ಯಾಟ, ಮುಂದೆ ಕೀನ್ಯಾ ದೇಶವನ್ನೇ ಆಳಿದವರು. ಆಗ ಲಂಡನ್ನಿನಲ್ಲಿ ಓದುತ್ತಿದ್ದರು.

ಯಲ್ಲಾಪುರದ ಹುಡುಗ

ನಾನು ಇಲ್ಲಿ ಓದುತ್ತೇನೆ ಅಷ್ಟೇ, ಬರೆಯುವುದು ಇದೇ ಮೊದಲು. ನಾನು ಸಿದ್ದಿ. ನಮ್ಮ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದರು, ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಈಗ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆ ಇದ್ದೇವೆ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ನಾನು ಕನ್ನಡ ಶಾಲೆಯಲ್ಲೇ ಓದಿದ್ದು.

ಕೆಲವು ವರ್ಷಗಳ ಹಿಂದೆ ನಮ್ಮ ಊರಿನಿಂದ ಎಂಟು ಜನರನ್ನು ಒಂದು ಶೂಟಿಂಗಿಗೆ ಕರೆದುಕೊಂಡು ಹೋದರು. ದಿನಕ್ಕೆ ಇಷ್ಟು ದುಡ್ಡು, ಊಟ ಅಂದರು. ಖುಷಿಯಿಂದ ಹೋದೆವು. ನಾನು ಡಮಾಮಿ ಬಾರಿಸುತ್ತೇನೆ, ಕುಣಿತವೂ ಬರುತ್ತದೆ, ಅದಕ್ಕೇ ಕರೆದಿದ್ದಾರೆ ಅಂದುಕೊಂಡಿದ್ದೆ. ಹೋದ ಮೇಲೆ ಅಂಗಿ ಬಿಚ್ಚಿಸಿದರು. ಹುಲ್ಲಿನ ಲಂಗದಂಥದ್ದು ಕಟ್ಟಿದರು. ಮುಖಕ್ಕೆ ಸುಣ್ಣದ ಹಾಗೆ ಬಿಳಿ ಪಟ್ಟೆ ಬಳಿದರು. ನನ್ನ ಬಣ್ಣ ಸಾಲದು ಅಂತ ಮೈಗೆ ಎಣ್ಣೆ ಬೆರೆಸಿದ ಕಪ್ಪು ಹಚ್ಚಿದರು. ಹೀರೋನನ್ನು ಕಂಬಕ್ಕೆ ಕಟ್ಟಿ ನಾವು ಸುತ್ತ ಕುಣಿಯಬೇಕು. ಏನು ಹೇಳಬೇಕು ಸರ್, ಕನ್ನಡದಲ್ಲೇ ಹೇಳಲಾ ಅಂತ ಕೇಳಿದೆ. ಬೇಡ ಬೇಡ, ಬಾಯಿಗೆ ಬಂದಿದ್ದು ಏನಾದರೂ ಕೂಗು ಅಂದರು.

ಏನು ಕೂಗುವುದು ಅಂತ ನನಗೆ ತಿಳಿಯಲಿಲ್ಲ. ನನಗೆ ಇರುವುದು ಎರಡೇ ಭಾಷೆ. ಪಕ್ಕದಲ್ಲಿದ್ದ ನಮ್ಮ ಮಾವ ಕೊಂಕಣಿಯಲ್ಲಿ ‘ಹಸಿವಾಗುತ್ತಿದೆ, ಊಟ ಯಾವಾಗ’ ಅಂತ ಜೋರಾಗಿ ಕೂಗಿದರು. ನಾವೂ ಅದನ್ನೇ ಕೂಗಿದೆವು. ಅದೇ ಓಕೆ ಆಯಿತು. ಊರಿಗೆ ಬಂದು ಅಮ್ಮನಿಗೆ ಈ ಕಥೆ ಹೇಳಲಿಲ್ಲ. ಅಮ್ಮ ಕೌದಿ ಹೊಲಿಯುತ್ತ ಕೂತಿದ್ದರು, ಟಿವಿಯಲ್ಲಿ ಯಾವಾಗ ಬರುತ್ತದೋ ಮಗ ಅಂತ ಕೇಳುತ್ತಲೇ ಇದ್ದರು. ಬರಲೇಬಾರದು ಅಂತ ಬೇಡಿಕೊಂಡೆ.

ಹಾಲಿವುಡ್‌ನವರು ಮಾಡಿದ್ದನ್ನು ನಮ್ಮವರು ನೋಡಿ ಕಲಿತರು. ಇಷ್ಟೇ ಹೇಳಬೇಕು ಅನ್ನಿಸಿತು.

ಮಂಜುಳಾ ಹೆಗಡೆ

ತಮ್ಮಾ, ನಿನ್ನ ಬರಹ ಓದಿ ತುಂಬಾ ಹೊತ್ತು ಸುಮ್ನೆ ಕೂತಿದ್ದೆ. ನಾನು ಶಿರಸಿಯವಳು, ನಿಮ್ಮೂರು ನಮಗೆ ಪಕ್ಕ. ನೀನು ಹೇಳಿದ್ದು ಸರಿ. 1986ರಲ್ಲಿ ದ್ವಾರಕೀಶ್ ‘ಆಫ್ರಿಕಾದಲ್ಲಿ ಶೀಲಾ’ ಮಾಡಿದರು, ಕಾಡಿನಲ್ಲಿ ಬೆಳೆದ ಹುಡುಗಿಯ ಕಥೆ, ಟಾರ್ಜನ್ ಅಚ್ಚು. ಅಷ್ಟು ದೂರ ಕ್ಯಾಮೆರಾ ಹೊತ್ತುಕೊಂಡು ಹೋದ ಸಾಹಸ ದೊಡ್ಡದೇ. ಆದರೆ ನೋಡುವ ಕನ್ನಡಕ ಹಾಲಿವುಡ್ಡಿನದ್ದೇ ಆಗಿತ್ತು. ನಾನು ಚಿಕ್ಕವಳಿದ್ದಾಗ ಯಲ್ಲಾಪುರ ಸಂತೆಯಲ್ಲಿ ಸಿದ್ದಿ ಹೆಂಗಸರನ್ನು ನೋಡಿ, ಇವರು ಯಾವ ದೇಶದವರು ಅಂತ ಅಪ್ಪನನ್ನು ಕೇಳಿದ್ದೆ. ಪಕ್ಕದ ಊರಿನವರನ್ನು. ಆ ಪ್ರಶ್ನೆ ನನ್ನ ತಲೆಗೆ ಬಂದಿದ್ದು ಸಿನಿಮಾದಿಂದಲೇ.

ತರೀಕೆರೆ ಗಿರಿ

ಯಲ್ಲಾಪುರದ ತಮ್ಮನ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ವಾದ ಮಾಡಲು ಬಂದವನು, ಈಗ ಕೇಳಲು ಕೂತಿದ್ದೇನೆ. ಹಳೇ ರೀಲು ಅಣ್ಣ, ಒಂದು ಪ್ರಶ್ನೆ. ಮಾರ್ಷಲ್ ಕೂಡ ಬಿಳಿಯರೇ ಅಲ್ವಾ? ಅವರ ಕಣ್ಣನ್ನು ಯಾಕೆ ನಂಬುತ್ತೀರಿ?

ಹಳೇ ರೀಲು

ಒಳ್ಳೆಯ ಪ್ರಶ್ನೆ. ಮಾರ್ಷಲ್ ಕೂಡ ಮೊದಲು ಅದೇ ತಪ್ಪು ಮಾಡಿದರು. 1957ರಲ್ಲಿ ಅವರ ‘ದಿ ಹಂಟರ್ಸ್’ ಬಂತು. ನಾಲ್ವರು ಬೇಟೆಗಾರರು ದಿನಗಟ್ಟಲೆ ನಡೆದು ಜಿರಾಫೆ ಹೊಡೆಯುವ ಕಥೆ. ತುಂಬಾ ಹೆಸರು ಮಾಡಿತು, ಕಾಲೇಜುಗಳಲ್ಲಿ ಪಾಠದ ಹಾಗೆ ತೋರಿಸಿದರು. ಅದು ಒಂದೇ ಬೇಟೆ ಆಗಿರಲಿಲ್ಲ, ಬೇರೆ ಬೇರೆ ಬೇಟೆಗಳ ತುಣುಕು ಸೇರಿಸಿ ಕಟ್ಟಿದ್ದು. ಆಗ ಅವರು ಇಪ್ಪತ್ತರ ಹರೆಯದ ಹುಡುಗ. ಮುಂದೆ ಅವರೇ ಅದನ್ನು ಟೀಕಿಸಿದರು. 1958ರಿಂದ ಇಪ್ಪತ್ತು ವರ್ಷ ಅವರಿಗೆ ಅಲ್ಲಿಗೆ ಹೋಗಲು ಬಿಡಲಿಲ್ಲ. 1978ರಲ್ಲಿ ವಾಪಸ್ ಹೋದಾಗ, ತಾನು ಬಲ್ಲ ಜನ ತ್ಸುಮ್ಕ್ವೆಯ ಧೂಳಿನಲ್ಲಿ ಹಿಟ್ಟಿಗೆ ಕಾಯುತ್ತಿದ್ದರು. ಅಲ್ಲಿಂದ ಅವರ ಸಿನಿಮಾ ಬದಲಾಯಿತು. ಜನ ಮಾತಾಡಿದ್ದನ್ನು ಪೂರ್ತಿ ಕೇಳಿಸಿದರು, ಬೋರ್‌ವೆಲ್ ಕೊರೆಸಲು ದುಡ್ಡು ಹೊಂದಿಸಿದರು. ಇಷ್ಟಾದರೂ ಕ್ಯಾಮೆರಾ ಅವರ ಕೈಯಲ್ಲೇ ಇತ್ತು, ನಿಜ.

ಅದಕ್ಕೇ ಉಸ್ಮಾನ್ ಸೆಂಬೆನ್ ಹೆಸರು ಹೇಳಬೇಕು. ಸೆನೆಗಲ್ ದೇಶದವರು. ಫ್ರೆಂಚರ ಆಳ್ವಿಕೆಯಲ್ಲಿ 1934ರ ಒಂದು ಆದೇಶ ಇತ್ತು, ಅನುಮತಿ ಇಲ್ಲದೆ ಆಫ್ರಿಕಾದವರು ತಮ್ಮ ನೆಲದಲ್ಲೇ ಸಿನಿಮಾ ತೆಗೆಯುವ ಹಾಗಿರಲಿಲ್ಲ. ಸೆಂಬೆನ್ ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಹಮಾಲಿ ಮಾಡಿದವರು. ಕಾದಂಬರಿ ಬರೆದರು, ಫ್ರೆಂಚ್‌ನಲ್ಲಿ. ತನ್ನ ಊರಿನ ಜನಕ್ಕೆ ಅದನ್ನು ಓದಲು ಬರುವುದಿಲ್ಲ ಅಂತ ಅರ್ಥವಾದ ಮೇಲೆ ಮಾಸ್ಕೋಗೆ ಹೋಗಿ ಸಿನಿಮಾ ಕಲಿತರು, ಆಗ ವಯಸ್ಸು ನಲವತ್ತರ ಹತ್ತಿರ. 1965ರಲ್ಲಿ ಫ್ರೆಂಚ್ ಸಾಕ್ಷ್ಯಚಿತ್ರಕಾರ ಜಾನ್ ರೂಶ್ ಎದುರು ಕೂತು, ನೀವು ನಮ್ಮನ್ನು ಕೀಟಗಳನ್ನು ನೋಡಿದ ಹಾಗೆ ನೋಡುತ್ತೀರಿ ಅಂತ ಮುಖಕ್ಕೇ ಹೇಳಿದರು. 1968ರ ‘ಮಂದಾಬಿ’ಯನ್ನು ತಮ್ಮ ಜನರ ವೊಲೋಫ್ ಭಾಷೆಯಲ್ಲೇ ಮಾಡಿದರು. ನಮ್ಮ ಭಾಷೆಯಲ್ಲಿ ಸಿನಿಮಾ ಬೇಕು ಅಂತ ಹಟ ಹಿಡಿಯುವ ನಮಗೆ ಆ ಹಂಬಲ ಬಿಡಿಸಿ ಹೇಳಬೇಕಾಗಿಲ್ಲ.

ಗಿರಿ, ಅವರ ‘ಬೊರೋಮ್ ಸರ್ರೆತ್’ ನೋಡು. 1963ರದ್ದು. ಇಪ್ಪತ್ತು ನಿಮಿಷ, ಅಷ್ಟೇ. ಡಕಾರ್ ಪಟ್ಟಣದಲ್ಲಿ ಕುದುರೆ ಗಾಡಿ ಹೊಡೆಯುವ ಒಬ್ಬ ಮನುಷ್ಯನ ಒಂದು ದಿನ.

ಯಲ್ಲಾಪುರದ ಹುಡುಗ

ಅದು ಫೋನಿನಲ್ಲಿ ನೋಡಲು ಸಿಗುತ್ತದಾ ಅಣ್ಣ? ನಮ್ಮ ಸಂಘದ ಹುಡುಗರಿಗೆ ತೋರಿಸುತ್ತೇನೆ. ಶನಿವಾರ ಎಲ್ಲರೂ ಸೇರುತ್ತೇವೆ.

ಹಳೇ ರೀಲು

ಸಿಗುತ್ತದೆ ತಮ್ಮಾ, ಕಳಿಸುತ್ತೇನೆ. ಅದರಲ್ಲಿ ಬರುವ ಮಾತನ್ನು ನಾನೇ ಕನ್ನಡದಲ್ಲಿ ಬರೆದು ಜೊತೆಗೆ ಕಳಿಸುತ್ತೇನೆ. ಶುಕ್ರವಾರದೊಳಗೆ.

ತರೀಕೆರೆ ಗಿರಿ

ನಿನ್ನೆ ರಾತ್ರಿ ನೋಡಿದೆ. ಅಮ್ಮನೂ ಪಕ್ಕದಲ್ಲಿ ಕೂತು ನೋಡಿದರು, ಭಾಷೆ ಬರದಿದ್ದರೂ. ನಾನು ಅಲ್ಲಲ್ಲಿ ಹೇಳುತ್ತ ಹೋದೆ.

ಗಾಡಿಯವನು ಬಡವರನ್ನು ಹತ್ತಿಸಿಕೊಳ್ಳುತ್ತಾನೆ, ಕೆಲವರು ದುಡ್ಡೇ ಕೊಡುವುದಿಲ್ಲ. ಆಮೇಲೆ ಒಬ್ಬ ಸೂಟು ಹಾಕಿದವನು ಶ್ರೀಮಂತರ ಬಡಾವಣೆಗೆ ಕರೆದೊಯ್ಯಲು ಹೇಳುತ್ತಾನೆ. ಅಲ್ಲಿ ಗಾಡಿಗಳಿಗೆ ಪ್ರವೇಶ ಇಲ್ಲ. ಪೊಲೀಸ್ ಹಿಡಿಯುತ್ತಾನೆ. ಇವನ ಪದಕ ನೆಲಕ್ಕೆ ಬೀಳುತ್ತದೆ, ಯುದ್ಧದಲ್ಲಿ ಸಿಕ್ಕ ಪದಕ ಇರಬೇಕು, ಪೊಲೀಸಿನವನ ಬೂಟು ಅದರ ಮೇಲೆ ನಿಲ್ಲುತ್ತದೆ. ಗಾಡಿ ಜಪ್ತಿ. ಅಮ್ಮ ಆಗ, ‘ನಿಮ್ಮ ತಾತನ ಜಟಕಾನೂ ಹೀಗೇ ಒಂದು ಸಲ ಹಿಡಿದಿದ್ದರು, ಮೂರು ದಿನ ಬಿಡಲಿಲ್ಲ’ ಅಂದರು. ತಾತ ಜಟಕಾ ಹೊಡೆಯುತ್ತಿದ್ದ ವಿಷಯ ಗೊತ್ತಿತ್ತು. ಇದನ್ನು ಮಾತ್ರ ಇವತ್ತಿನವರೆಗೂ ಅಮ್ಮ ಹೇಳಿರಲಿಲ್ಲ.

ಬರಿಗೈಯಲ್ಲಿ ಮನೆಗೆ ಬರುತ್ತಾನೆ. ಹೆಂಡತಿ ಏನೂ ಬೈಯುವುದಿಲ್ಲ. ಮಗುವನ್ನು ಅವನ ಕೈಗೆ ಕೊಟ್ಟು, ಇವತ್ತು ನಾವು ಊಟ ಮಾಡುತ್ತೇವೆ ಅಂತ ಮಾತು ಕೊಟ್ಟು ಹೊರಗೆ ಹೋಗುತ್ತಾಳೆ. ಅಲ್ಲಿಗೆ ಸಿನಿಮಾ ಮುಗಿಯಿತು.

ಫೋನು ಕೆಳಗಿಟ್ಟೆ. ಅಮ್ಮ ಎದ್ದು ಮಲಗಲು ಹೋಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, ‘ಅವಳು ಈ ಹೊತ್ತಿನಲ್ಲಿ ಎಲ್ಲಿಗೆ ಹೋದಳೋ?’